ಗಳಿಸಿ ಕೊಡುವ ಧರ್ಮ
(ಬಾನುಲಿ ಭಾಷಣ)

ದಾನವೆಂಬುದು ನಮ್ಮ ಕಾವ್ಯಗಳು ಬಾಯ್ತುಂಬ ಹೊಗಳಿರುವ ಗುಣ. ಬಲಿ, ಶಿಬಿ, ಕರ್ಣ ಇವರ ಹೆಸರುಗಳು ಓದು ಬಾರದ ಅಜ್ಜಿಯರಿಗೂ ಗೊತ್ತು. ಆದರೆ ಈ ಕಥೆಗಳಲ್ಲೆಲ್ಲ ಒಂದು ವಿಶೇಷವಿದೆ. ಈ ದಾನಿಗಳು ಕೊಟ್ಟ ಬಗೆಯನ್ನು ಕವಿಗಳು ವಿಸ್ತಾರವಾಗಿ ವರ್ಣಿಸುತ್ತಾರೆ. ಕೊಡುವುದಕ್ಕೆ ಬೇಕಾದುದನ್ನು ಅವರು ಸಂಪಾದಿಸಿದ ಬಗೆಯನ್ನು ಹೇಳಲು ಹೋಗುವುದಿಲ್ಲ. ಅರಸನಿಗೆ ಬೊಕ್ಕಸವಿದ್ದೇ ಇರುತ್ತದೆ. ಅದು ತುಂಬುವುದು ಕವಿಯ ಚಿಂತೆಯಲ್ಲ. ವರ್ತಕನ ಸ್ಥಿತಿ ಹಾಗಲ್ಲ. ಅವನು ಮೊದಲು ಗಳಿಸಬೇಕು, ಅನಂತರ ಕೊಡಬೇಕು. ಈ ಎರಡರ ನಡುವೆ ಒಂದು ಸಂಬಂಧವನ್ನು ಅವನು ಕಟ್ಟಿಕೊಳ್ಳಬೇಕು. ಆ ಸಂಬಂಧದ ಚರಿತ್ರೆಯನ್ನು ನಾನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಇದಕ್ಕೆ ಒಂದು ಪ್ರಸಕ್ತ ಕಾರಣವೂ ಉಂಟು. 2009ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕೆಲವು ತರುಣ ತತ್ತ್ವಶಾಸ್ತ್ರಜ್ಞರು ಸೇರಿ, ಬದುಕಿನುದ್ದಕ್ಕೂ ತಮ್ಮ ಸಂಪಾದನೆಯ ಹತ್ತನೆಯ ಒಂದು ಪಾಲನ್ನಾದರೂ ಪರೋಪಕಾರಕ್ಕೆ ಕೊಡುವೆವೆಂದು ಪ್ರತಿಜ್ಞೆ ಮಾಡುವವರ ಒಂದು ಕೂಟವನ್ನು ಕಟ್ಟಿದರು. ಅವರ ಬಳಗದಿಂದ ಮುಂದೆ ಇನ್ನೊಂದು ವಿಚಾರ ಹೊರಟಿತು. ಸೇವೆ ಮಾಡಬೇಕೆಂಬ ಹಂಬಲವುಳ್ಳ ಬುದ್ಧಿವಂತ ತರುಣನು ತಾನೇ ಸೇವಾಶ್ರಮವನ್ನು ಸೇರಬೇಕೆಂದಿಲ್ಲ. ಹೆಚ್ಚು ಸಂಬಳದ ಉದ್ಯೋಗಕ್ಕೆ ಹೋಗಿ, ಸರಳವಾಗಿ ಬದುಕಿ, ಉಳಿದುದನ್ನೆಲ್ಲ ಕೊಟ್ಟರೆ ಹತ್ತಾರು ಸೇವಕರನ್ನು ಪೋಷಿಸಬಹುದು ಎಂಬುದೇ ಆ ವಿಚಾರ. ಇದನ್ನು ಹೊಸದೆಂದು ಮೆಚ್ಚಿದವರೂ ಇದ್ದಾರೆ, ಹೊಸದೆಂದು ಹಳಿದವರೂ ಇದ್ದಾರೆ. ವಾಸ್ತವದಲ್ಲಿ ಅದು ಹೊಸದಲ್ಲ. ಅದೇ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಎಂಬ ಧರ್ಮೋಪದೇಶಕನು 1760ರಷ್ಟು ಹಿಂದೆಯೇ ಹಣದ ಬಳಕೆಯನ್ನು ಕುರಿತು ಪ್ರಕಟಿಸಿದ ಉಪದೇಶದಲ್ಲಿ ಗಳಿಸುವುದು, ಉಳಿಸುವುದು, ಕೊಡುವುದು ಈ ಮೂರನ್ನೂ ಒಂದೇ ಸರಪಳಿಯ ಕೊಂಡಿಗಳಾಗಿ ತೋರಿಸಿದ್ದನು. ಅವನಿಗಿಂತ ಹಲವು ಶತಮಾನಗಳ ಹಿಂದೆಯೇ ನಮ್ಮ ತುಳುನಾಡಿನ ಅಂಗಡಿಬೀದಿಗಳಲ್ಲಿ ಈ ವಿಚಾರ ನಿತ್ಯದ ನಡೆವಳಿಯಾಗಿತ್ತು. ಮೂಡುಬಿದಿರೆ, ಬೆಳ್ತಂಗಡಿ, ಬಂಟವಾಳ ಈ ಮೂರು ನೆಲೆಗಳನ್ನು ಹಿಡಿದುಕೊಂಡು ಅದನ್ನು ಪರಿಶೀಲಿಸೋಣ.

ಮೊದಲು ಈ ಊರುಗಳು ಇರುವ ಜಾಗವನ್ನು ನೆನೆಯಬೇಕು. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು. ಘಟ್ಟದ ಸರಕು ಚಾರ್ಮಾಡಿಯ ದಾರಿಯಲ್ಲಿ ಇಳಿದು ಬೆಳ್ತಂಗಡಿಯ ಸೀಮೆಯನ್ನು ಹಾದು ಬಂಟವಾಳಕ್ಕೆ ಬರುತ್ತಿತ್ತು; ಅಲ್ಲಿ ನೇತ್ರಾವತಿಯ ದಡದಲ್ಲಿ ದೋಣಿಯೇರಿ ಮಂಗಳೂರನ್ನು ಸೇರುತ್ತಿತ್ತು. ಕಡಲಿನಿಂದ ಬಂದ ಉಪ್ಪು, ಒಣಮೀನು ಮೊದಲಾದುವು ಅದೇ ದಾರಿಯಲ್ಲಿ ಮೇಲೇರುತ್ತಿದ್ದುವು. ಮೂಡುಬಿದಿರೆಯಾದರೋ ಒಳನಾಡಿನ ಊರು; ಕರಿಮೆಣಸು, ಅಕ್ಕಿ ಮುಂತಾದವುಗಳ ವ್ಯಾಪಾರದಿಂದ ಬೆಳೆದ ಜೈನ ಸೆಟ್ಟಿಗಳ ನೆಲೆ. ತುಳುನಾಡಿನ ಶಾಸನಗಳಲ್ಲಿ ‘ಸೆಟ್ಟಿಕಾರರು’, ‘ಹಂಜಮಾನ’, ‘ನಖರ’, ‘ಹಲರು’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವು ವರ್ತಕರ ಮತ್ತು ಊರ ಪ್ರಮುಖರ ಸಂಘಗಳ ಹೆಸರುಗಳು. ಒಬ್ಬೊಬ್ಬನೇ ಸೆಟ್ಟಿಯಾಗಿ ಅಲ್ಲ, ಹಲವರು ಸೇರಿದ ಸಮೂಹವಾಗಿ ಈ ಜನ ವ್ಯಾಪಾರವನ್ನೂ ನಡೆಸಿದರು, ದಾನವನ್ನೂ ನಡೆಸಿದರು. ಈ ಸಂಗತಿ ನಮ್ಮ ಇಂದಿನ ವಿಷಯಕ್ಕೆ ಬಹಳ ಮುಖ್ಯವಾದುದು.

ಈ ಸೆಟ್ಟಿಗಳ ಕೈಯನ್ನು ದಾನದ ಕಡೆಗೆ ತಿರುಗಿಸಿದ್ದು ಯಾವುದು? ಬರಿಯ ಒಳ್ಳೆಯತನವೆಂದರೆ ಉತ್ತರ ಅರ್ಧವಾಗುತ್ತದೆ. ಜೈನಧರ್ಮವು ಗೃಹಸ್ಥನಿಗೆ, ಎಂದರೆ ಶ್ರಾವಕನಿಗೆ, ಐದು ಅಣುವ್ರತಗಳನ್ನು ವಿಧಿಸಿದೆ. ಐದನೆಯದು ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಳ್ಳುವ ವ್ರತ. ಮುನಿಯು ಎಲ್ಲವನ್ನೂ ಬಿಡುತ್ತಾನೆ. ಗೃಹಸ್ಥನಿಗೆ ಅದು ಸಾಧ್ಯವಿಲ್ಲ. ಆದುದರಿಂದ ಅವನು ತನಗೆ ಇಷ್ಟು ಹೊಲ, ಇಷ್ಟು ಮನೆ, ಇಷ್ಟು ಚಿನ್ನ, ಇಷ್ಟು ದವಸ ಸಾಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಚಾರ್ಯ ಸಮಂತಭದ್ರನು ತನ್ನ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತಕ್ಕೆ ‘ಇಚ್ಛಾಪರಿಮಾಣ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾನೆ. ಈ ಹೆಸರಿನ ಸ್ವಾರಸ್ಯವನ್ನು ಗಮನಿಸಬೇಕು. ಅಳತೆ ಹಾಕುವುದು ಗಳಿಕೆಗಲ್ಲ, ಆಸೆಗೆ. ವರ್ತಕನು ತನ್ನ ಕಸುಬಿನಲ್ಲಿ ಜಾಣನಾಗಿದ್ದರೆ ಲಾಭ ಬಂದೇ ಬರುತ್ತದೆ. ಅದನ್ನು ತಡೆಯೆಂದು ಶಾಸ್ತ್ರ ಹೇಳಲಿಲ್ಲ. ತನ್ನದೆಂದು ಇಟ್ಟುಕೊಳ್ಳುವುದಕ್ಕೆ ಒಂದು ಗೆರೆ ಎಳೆದುಕೋ ಎಂದಿತು. ಗೆರೆಯಿಂದಾಚೆ ಬಂದುದು ಎಲ್ಲಿಗಾದರೂ ಹೋಗಲೇಬೇಕಲ್ಲ! ಅದು ಹೋಗಬೇಕಾದ ದಾರಿಗಳನ್ನೂ ಅದೇ ಶಾಸ್ತ್ರ ತೋರಿಸಿತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳು. ಹೀಗೆ ಮಿತಿ ಒಂದು ಕಡೆ, ದಾರಿ ಇನ್ನೊಂದು ಕಡೆ; ಇವೆರಡರ ನಡುವೆ ಸೆಟ್ಟಿಯ ಸಂಪತ್ತು ಕಾಲುವೆಯ ನೀರಿನಂತೆ ಹರಿಯಿತು.

ಹೀಗೆ ಹರಿದು ಬಂದ ಸಂಪತ್ತು ಕಲ್ಲಾಗಿ ನಿಂತಿರುವುದನ್ನು ಮೂಡುಬಿದಿರೆಯಲ್ಲಿ ಇಂದಿಗೂ ನೋಡಬಹುದು. ತ್ರಿಭುವನ ತಿಲಕ ಚೂಡಾಮಣಿ ಎಂಬ ಬಿರುದಿನ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರ ಸುಮಾರಿನಲ್ಲಿ. ವಿಜಯನಗರದ ಅರಸರ ಕೈಕೆಳಗೆ ಮಂಗಳೂರು ರಾಜ್ಯವನ್ನು ಆಳುತ್ತಿದ್ದ ದೇವರಾಯ ಒಡೆಯನ ಹೆಸರು ಇದಕ್ಕೆ ಅಂಟಿಕೊಂಡಿದೆ. ಆದರೆ ಆ ಮೂರು ನೆಲೆಯ ಕಟ್ಟಡ ಒಬ್ಬ ಅರಸನ ಕಾಣಿಕೆಯಲ್ಲ. ಚಾರುಕೀರ್ತಿ ಭಟ್ಟಾರಕರ ಪೀಠದ ಪ್ರೇರಣೆಯಿಂದ ಊರ ಸೆಟ್ಟಿಗಳು, ಶ್ರಾವಕರು ತಮ್ಮ ತಮ್ಮ ಶಕ್ತಿಯಿದ್ದಷ್ಟು ಹೊತ್ತು ಮುಗಿಸಿದ ಕೆಲಸ ಅದು. ಮುಂದಿನ ದಶಕಗಳಲ್ಲಿ ಭೈರಾದೇವಿ ಮಂಟಪ ಸೇರಿತು, ಮಾನಸ್ತಂಭ ಎದ್ದಿತು. ಅಲ್ಲಿನ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಜನ ಹೇಳುತ್ತಾರೆ. ಕಂಬಗಳ ಮಾತು ಹಾಗಿರಲಿ. ಆ ಬಸದಿಗೆ ಕೊಟ್ಟವರ ಕೈಗಳಂತೂ ನಾನಾ ಬಗೆಯವು. ಪಟ್ಟದ ರಾಣಿಯ ಕೈಯಿದೆ, ಮೆಣಸು ತೂಗಿದ ಸೆಟ್ಟಿಯ ಕೈಯಿದೆ.

ಕಟ್ಟುವುದು ಒಮ್ಮೆಯ ಕೆಲಸ. ನಡೆಸುವುದು ನಿತ್ಯದ ಕೆಲಸ. ನಮ್ಮ ಶಾಸನಗಳಲ್ಲಿ ಇದಕ್ಕೂ ಏರ್ಪಾಡು ಕಾಣುತ್ತದೆ. ದಾನಿಯು ಗದ್ದೆಯನ್ನೋ ಗದ್ಯಾಣಗಳನ್ನೋ ಕೊಡುತ್ತಾನೆ. ಗದ್ದೆಯಿಂದ ಬರುವ ಅಕ್ಕಿಯ ಲೆಕ್ಕ, ಹಣದ ಬಡ್ಡಿಯಿಂದ ನಡೆಯಬೇಕಾದ ಪೂಜೆ, ಆಹಾರದಾನ ಇವುಗಳ ವಿವರ ಕಲ್ಲಿನಲ್ಲಿ ನಿಲ್ಲುತ್ತದೆ. ಅದನ್ನು ನೋಡಿಕೊಳ್ಳುವ ಹೊಣೆ ಅನೇಕ ವೇಳೆ ಊರ ಸಂಘದ್ದು. ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ತಟ್ಟುವ ಪಾಪವನ್ನು ಹೇಳುವ ಶಾಪವಾಕ್ಯ. ನಾವು ಇದನ್ನು ಮೂಢನಂಬಿಕೆಯೆಂದು ನಕ್ಕು ಮುಂದೆ ಹೋಗುತ್ತೇವೆ. ಆದರೆ ಲೆಕ್ಕಪರಿಶೋಧಕನೂ ನ್ಯಾಯಾಲಯವೂ ಹತ್ತಿರವಿಲ್ಲದ ಕಾಲದಲ್ಲಿ, ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಸಲ್ಲಬೇಕೆಂಬ ಕಾಳಜಿ ಅದಕ್ಕಿಂತ ಬೇರೆಯಾಗಿ ಹೇಗೆ ಮಾತಾಡಬೇಕಿತ್ತು?

ಬಸದಿಗಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದಿರುವುದು ಮೂಡುಬಿದಿರೆಯ ಇನ್ನೊಂದು ಸಂಪತ್ತು. ಅದೇ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯನು ಧವಲಾ ಟೀಕೆಯನ್ನು ಬರೆದು ಮುಗಿಸಿದ್ದು 816ರಲ್ಲಿ. ಅದರ ಹಳಗನ್ನಡ ಲಿಪಿಯ ಓಲೆಗಳು ಉಳಿದು ಬಂದದ್ದು ಮೂಡುಬಿದಿರೆಯಲ್ಲಿ ಮಾತ್ರ. ಈ ಓಲೆಗಳನ್ನು ಬರೆಸಿದವರು ಯಾರು? ಧವಲಾ ಪ್ರತಿಯ ಪ್ರಶಸ್ತಿಯಲ್ಲಿ ದೇಮಿಯಕ್ಕ ಎಂಬವಳ ಹೆಸರಿದೆ. ಶ್ರುತಪಂಚಮಿ ವ್ರತದ ಉದ್ಯಾಪನೆಯಲ್ಲಿ ಅವಳು ಗ್ರಂಥವನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಧವಲಾ ಪ್ರತಿಯನ್ನು ಕೊಟ್ಟವಳು ಮಲ್ಲಿಕಬ್ಬೆ. ಶ್ರವಣಬೆಳಗೊಳದ ಒಂದು ಶಾಸನದಲ್ಲಿಯೂ ದೇಮಿಯಕ್ಕನೊಬ್ಬಳ ಸ್ಮರಣೆಯುಂಟು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಪತ್ನಿ ಲಕ್ಕಲೆಗೆ ಅವಳು ಸೋದರಿ. ಅರಸರು ಮನ್ನಿಸುತ್ತಿದ್ದ ಚಾಮುಂಡನೆಂಬ ವರ್ತಕನಿಗೆ ಹೆಂಡತಿ. ನಾಲ್ಕು ಬಗೆಯ ದಾನಗಳಲ್ಲಿಯೂ ನಿರತಳಾಗಿದ್ದು 1120ರಲ್ಲಿ ಮುಡಿಪಿದವಳು. ಇವರಿಬ್ಬರೂ ಒಬ್ಬಳೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಗಂಡನ ವ್ಯಾಪಾರದ ಲಾಭ ಹೆಂಡತಿಯ ವ್ರತದ ಮೂಲಕ ಗ್ರಂಥವಾಗಿ ಮಾರ್ಪಟ್ಟ ಬಗೆ ಇದು. ಇದಕ್ಕೂ ಒಂದು ಶತಮಾನ ಮೊದಲು ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳಷ್ಟೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಬರೆಯುವಂತಾದದ್ದೂ ಅವಳ ಆಶ್ರಯದಿಂದಲೇ. ಶಾಸ್ತ್ರದಾನವೆಂಬ ಒಂದು ಮಾತು ಇಲ್ಲದಿದ್ದರೆ ನಮ್ಮ ಸಾಹಿತ್ಯಚರಿತ್ರೆಯ ಎಷ್ಟು ಪುಟಗಳು ಖಾಲಿಯಾಗಿರುತ್ತಿದ್ದುವೋ!

ಈ ಕಥೆಗೆ ಎಂಟು ಶತಮಾನಗಳ ಅನಂತರ ಒಂದು ಉತ್ತರಾರ್ಧ ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿಯ ಮುತ್ತಿನ ವ್ಯಾಪಾರಿ ಸೇಠ್ ಮಾಣಿಕಚಂದ್ ಹೀರಾಚಂದರು ಯಾತ್ರೆಗಾಗಿ ಮೂಡುಬಿದಿರೆಗೆ ಬಂದರು. ಯಾತ್ರಿಕರಿಗೆ ಆ ಓಲೆಗಳ ದರ್ಶನ ಮಾತ್ರ ದೊರೆಯುತ್ತಿತ್ತು. ಓದುವವರಿರಲಿಲ್ಲ, ಓಲೆಗಳು ಜೀರ್ಣವಾಗುತ್ತಿದ್ದುವು. ಇದನ್ನು ಕಂಡು ಕಳವಳಗೊಂಡ ಅವರು ಸೊಲ್ಲಾಪುರದ ಹೀರಾಚಂದ್ ನೇಮಚಂದರೊಡನೆ ಸೇರಿ ಪ್ರತಿಮಾಡಿಸುವ ಯತ್ನಕ್ಕೆ ತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ ಮೊದಲಾದ ಪಂಡಿತರು ಕುಳಿತು ಬರೆದರು. ಕೆಲಸ ವರ್ಷಗಟ್ಟಲೆ ನಡೆಯಿತು. ಮುಂದೆ ಪ್ರೊ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಒಟ್ಟು ಹದಿನಾರು ಸಂಪುಟಗಳು. ಅದರ ಪ್ರಕಟಣೆಗೆ ನಿಧಿಯನ್ನು ಇಟ್ಟವರು ಭೇಲ್ಸಾದ, ಎಂದರೆ ಇಂದಿನ ವಿದಿಶೆಯ, ಸೇಠ್ ಲಕ್ಷ್ಮೀಚಂದ್ರರು. ಒಬ್ಬ ವರ್ತಕನ ಮನೆಯಿಂದ ಹೊರಟ ಓಲೆ ಇನ್ನೊಬ್ಬ ವರ್ತಕನ ಹಣದಿಂದ ಅಚ್ಚಿನ ಮನೆಯನ್ನು ಸೇರಿತು. ಇಲ್ಲಿ ಇನ್ನೂ ಒಂದು ಮಾತನ್ನು ಹೇಳಬೇಕು. ಪಂಡಿತರು ಇಲ್ಲದಿದ್ದರೆ ಸೇಠರ ಹಣ ವ್ಯರ್ಥ. ಸೇಠರು ಇಲ್ಲದಿದ್ದರೆ ಪಂಡಿತರ ವಿದ್ಯೆ ಓಲೆಯಲ್ಲಿಯೇ ಹುಳು ಹಿಡಿಯುತ್ತಿತ್ತು. ಯಾರು ದೊಡ್ಡವರೆಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ.

ಮಾಣಿಕಚಂದರು ಅನೇಕ ಊರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನೂ ಕಟ್ಟಿಸಿದರು. ದಾನಿಯು ಹೊಟ್ಟೆಗೆ ಕೊಡುವುದರ ಜೊತೆಗೆ ನಾಳೆಯ ಗಳಿಕೆಗಾರನನ್ನೂ, ಆ ಮೂಲಕ ನಾಳೆಯ ದಾನಿಯನ್ನೂ ಸಿದ್ಧಗೊಳಿಸುವ ಈ ಕ್ರಮವೇ ನಮ್ಮನ್ನು ಬೆಳ್ತಂಗಡಿಯ ಕಡೆಗೆ ಕರೆದೊಯ್ಯುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ದಾನಗಳ ಹೆಸರು ಜನಜನಿತ. ಶೈವ ದೇವರು, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು ಕೂಡಿರುವ ಆ ಕ್ಷೇತ್ರದಲ್ಲಿ ಜೈನ ಶ್ರಾವಕಾಚಾರದ ಮಾತು ಎಲ್ಲರ ಮಾತಾಯಿತು. ಅಲ್ಲಿಗೆ ಬರುವ ಕಾಣಿಕೆ ಹೆಚ್ಚಿನ ಮಟ್ಟಿಗೆ ಸಾಮಾನ್ಯರದು. ನೂರಾರು ಊರುಗಳ ಸಣ್ಣ ಗಳಿಕೆಗಳ ಸಣ್ಣ ಪಾಲುಗಳು ಒಂದೆಡೆ ಕೂಡಿ ಅನ್ನವಾಗುತ್ತವೆ. ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ, 1940ರಲ್ಲಿ, ಉಜಿರೆಯಲ್ಲಿ ಸಿದ್ಧವನ ಗುರುಕುಲ ಪ್ರಾರಂಭವಾಯಿತು. ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ, 1966ರಲ್ಲಿ, ಕಾಲೇಜು ಬಂದಿತು. 1982ರಲ್ಲಿ ಈ ದಾನದ ಕಲ್ಪನೆಗೆ ಒಂದು ಮುಖ್ಯ ತಿರುವು ದೊರೆಯಿತು. ಆ ವರ್ಷ ಬೆಳ್ತಂಗಡಿ ತಾಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು; ಅದೇ ವರ್ಷ ಉಜಿರೆಯಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕುಗಳೂ ಕೂಡಿ ನಿರುದ್ಯೋಗಿ ಯುವಕರಿಗೆ ಸ್ವಉದ್ಯೋಗದ ತರಬೇತಿ ಕೊಡುವ ‘ರುಡ್‌ಸೆಟ್’ ಸಂಸ್ಥೆಯನ್ನು ಸ್ಥಾಪಿಸಿದುವು. ಅದರ ಮಾದರಿಯನ್ನೇ ಮುಂದೆ ಕೇಂದ್ರ ಸರಕಾರವು ದೇಶದ ಜಿಲ್ಲೆಜಿಲ್ಲೆಗೂ ಒಯ್ಯಲು ಹೊರಟಿತು. ಅನ್ನವನ್ನು ಕೊಡುತ್ತಿದ್ದ ಕೈ ಗಳಿಸುವ ವಿದ್ಯೆಯನ್ನೂ ಕೊಡತೊಡಗಿತು.

ಇನ್ನು ಬಂಟವಾಳ. ಈ ಸೀಮೆಯ ಅಮ್ಮೆಂಬಳವೆಂಬ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಒಂದು ಮನೆತನದಲ್ಲಿ, 1852ರಲ್ಲಿ, ಮೂಲ್ಕಿಯಲ್ಲಿ ಸುಬ್ಬರಾವ್ ಪೈಗಳು ಹುಟ್ಟಿದರು. ಮದರಾಸಿನಲ್ಲಿ ಕಾನೂನನ್ನು ಓದಿ ಮಂಗಳೂರಿನಲ್ಲಿ ವಕೀಲರಾದರು, ಒಳ್ಳೆಯ ವರಮಾನವಿತ್ತು. 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ, 1906ರಲ್ಲಿ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಇವರಿಂದ ಸ್ಥಾಪಿತವಾದುವು. ಈ ಫಂಡೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1909ರಲ್ಲಿ ಅವರು ತೀರಿಕೊಂಡರು. ಅವರು ತಮ್ಮ ಸಂಸ್ಥೆಯ ಧ್ಯೇಯಗಳಲ್ಲಿ ಮಿತವ್ಯಯವನ್ನು ಕಲಿಸುವುದರ ಜೊತೆಗೇ ಬಡವರಿಗೆ ನೆರವಾಗುವುದನ್ನೂ ಅಜ್ಞಾನವನ್ನು ಕಳೆಯುವುದನ್ನೂ ಸೇರಿಸಿದ್ದರು. ಶಾಲೆಯ ಅನಂತರ ಬ್ಯಾಂಕು ಬಂದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಓದಿದ ಹುಡುಗನಿಗೆ ಗಳಿಕೆ ಬೇಕು. ಗಳಿಕೆಗೆ ಬಂಡವಾಳ ಬೇಕು. ಬಂಡವಾಳಕ್ಕೆ ಹಲವರ ಉಳಿತಾಯ ಬೇಕು. ಸುಬ್ಬರಾಯರು ತಮ್ಮ ಗಳಿಕೆಯನ್ನು ಹಂಚಿದ್ದಕ್ಕಿಂತ ಹೆಚ್ಚಾಗಿ, ಇತರರು ಗಳಿಸುವುದಕ್ಕೂ ಕೊಡುವುದಕ್ಕೂ ಒಂದು ನೆಲೆಯನ್ನು ಕಟ್ಟಿದರು.

ಇದೇ ಬುದ್ಧಿ ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಜನರೊಡನೆ ಮುಂಬಯಿಗೂ ಹೋಯಿತು. ಈ ತಾಲೂಕುಗಳಿಂದ ಹೊಟ್ಟೆಪಾಡಿಗಾಗಿ ಹೋಗಿ ಹೋಟೆಲುಗಳಲ್ಲಿ ತಟ್ಟೆ ತೊಳೆದ ಹುಡುಗರ ಕಥೆಯನ್ನು ಕೇಳದ ಮನೆ ಇಲ್ಲಿ ಕಡಮೆ. ಅವರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ಹುಟ್ಟಿದುವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. ಬಂಟರ ಸಂಘ 1927ರದು. ಬಿಲ್ಲವರ ಅಸೋಸಿಯೇಶನಿನ ಬಳಗದಿಂದ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ಹುಟ್ಟಿತು. ಹಗಲು ದುಡಿದು ರಾತ್ರಿ ಓದಿದ ಹುಡುಗ ಮ್ಯಾನೇಜರನಾದ, ಮಾಲಿಕನಾದ, ವಕೀಲನಾದ. ಅವನು ಊರಿಗೆ ಕಳುಹಿಸಿದ ಹಣದಿಂದ ನಮ್ಮ ಎಷ್ಟೋ ಹಳ್ಳಿಗಳ ಶಾಲೆಗಳಿಗೆ ಹೆಂಚು ಬಂದಿತು, ಬಾವಿಗೆ ಕಟ್ಟೆ ಬಂದಿತು, ದೇವಸ್ಥಾನಕ್ಕೆ ಬ್ರಹ್ಮಕಲಶವಾಯಿತು. ಅವನನ್ನು ದಾನಿಯನ್ನಾಗಿ ಮಾಡಿದ್ದು ಅವನ ಸಂಬಳ ಮಾತ್ರವಲ್ಲ. ರಾತ್ರಿಶಾಲೆಯ ಋಣ ಅವನ ಮೇಲಿತ್ತು. ಸಂಘದ ವಾರ್ಷಿಕ ಸಭೆಯಲ್ಲಿ ಅವನನ್ನು ಹೆಸರು ಹಿಡಿದು ಕೇಳುವವರಿದ್ದರು. ಬಂಟವಾಳದ ಮುಸಲ್ಮಾನ ವರ್ತಕನಿಗೆ ನಲವತ್ತರಲ್ಲಿ ಒಂದು ಪಾಲಿನ ಜಕಾತು, ಕ್ರೈಸ್ತ ಒಕ್ಕಲಿಗನಿಗೆ ಇಗರ್ಜಿಯ ದಶಮಾಂಶ ಇವೂ ಹೀಗೆಯೇ ಕೇಳುವವರಿದ್ದು ನಡೆದ ದಾನಗಳು. ನಮ್ಮ ನಾಡಿನಲ್ಲಿ ಯಾವ ಮತವೂ ದಾನವನ್ನು ದಾನಿಯ ಮನಸ್ಸಿನ ಲಹರಿಗೆ ಮಾತ್ರ ಬಿಟ್ಟುಕೊಟ್ಟಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಪಕ್ಷ. ಇದಕ್ಕೆ ಪ್ರತಿಪಕ್ಷವೂ ಕನ್ನಡದಲ್ಲಿಯೇ ಇದೆ; ಅದನ್ನು ಮರೆಮಾಚುವುದು ನ್ಯಾಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬೀದಿಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ಆಸೆ ನಮಗೇಕೆ ಎಂದು ಗದರಿಸಿ, ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಮಾಡಿದಳು. ದಾಸೋಹಕ್ಕೇ ಆದರೂ ಹೆಚ್ಚು ಬೇಡ! ಜೈನ ಸೆಟ್ಟಿಯ ಶಾಸ್ತ್ರ ಹೆಚ್ಚಾದುದನ್ನು ಕೊಡು ಎಂದಿತು. ಶರಣೆಯ ಶಾಸ್ತ್ರ ಹೆಚ್ಚಾದುದನ್ನು ತರಲೇಬೇಡ ಎಂದಿತು. ಕೊಡುವುದಕ್ಕಾಗಿ ಎಂಬ ನೆಪದಲ್ಲಿ ಆಸೆ ಮನೆಯೊಳಗೆ ಕಾಲಿಡುತ್ತದೆ ಎಂಬುದನ್ನು ಲಕ್ಕಮ್ಮ ಕಂಡಿದ್ದಳು. ಅವಳ ಎಚ್ಚರಿಕೆ ಸುಳ್ಳಲ್ಲ.

ಸುಳ್ಳಲ್ಲವೆಂಬುದಕ್ಕೆ ನಮ್ಮ ಕಾಲದ ಒಂದು ನಿದರ್ಶನವೇ ಸಾಕು. ಕೊಡುವುದಕ್ಕಾಗಿಯೇ ಗಳಿಸುತ್ತೇನೆಂದು ಹೊರಟು ಕೆಲವೇ ವರ್ಷಗಳಲ್ಲಿ ಅಪಾರ ಹಣವನ್ನು ಕೂಡಿಸಿದ ಅಮೆರಿಕದ ತರುಣ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡನ ಹಣಕಾಸಿನ ಸಂಸ್ಥೆ 2022ರಲ್ಲಿ ಕುಸಿದು ಬಿದ್ದಿತು. ಠೇವಣಿದಾರರ ಹಣವನ್ನು ದುರುಪಯೋಗಪಡಿಸಿದ ಅಪರಾಧಕ್ಕಾಗಿ 2024ರಲ್ಲಿ ಅವನಿಗೆ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. ದಾನವು ಉದ್ದೇಶವಾದೊಡನೆ ಗಳಿಕೆಯ ಮಾರ್ಗ ತಾನಾಗಿ ಶುದ್ಧವಾಗುವುದಿಲ್ಲ. ಹದಿಮೂರನೆಯ ಶತಮಾನದ ಆಶಾಧರನು ಗೃಹಸ್ಥನ ಲಕ್ಷಣಗಳನ್ನು ಹೇಳಲು ಹೊರಟಾಗ ಎಲ್ಲಕ್ಕಿಂತ ಮೊದಲು ಇಟ್ಟದ್ದು ನ್ಯಾಯದಿಂದ ಹಣವನ್ನು ಸಂಪಾದಿಸುವುದನ್ನು. ಪೂಜೆ, ವ್ರತ, ದಾನ ಎಲ್ಲವೂ ಅದರ ಅನಂತರ. ಕ್ರಮದಲ್ಲಿ ಅರ್ಥವಿದೆ. ತಕ್ಕಡಿಯಲ್ಲಿ ಮೋಸ ಮಾಡಿದ ಸೆಟ್ಟಿ ಬಸದಿಗೆ ಕಂಬ ಕೊಟ್ಟರೆ ಕಂಬವೇನೋ ನಿಲ್ಲುತ್ತದೆ. ಮೋಸಹೋದ ಒಕ್ಕಲಿಗನ ನಷ್ಟ ಅದರಿಂದ ತುಂಬುವುದಿಲ್ಲ.

ಪ್ರತಿಪಕ್ಷದ ಇನ್ನೊಂದು ಮುಖವೂ ಇದೆ. ಅದು ಹೆಚ್ಚು ನೋವಿನದು. ಮಂಗಳೂರಿನಲ್ಲಿ 1881ರಲ್ಲಿ ಹುಟ್ಟಿದ ಕಾರ್ನಾಡು ಸದಾಶಿವರಾಯರು ಸಿರಿವಂತರ ಮನೆಯವರು, ವಕೀಲರು. ವಕೀಲಿಯ ಗಳಿಕೆಯನ್ನೂ ಪಿತ್ರಾರ್ಜಿತವನ್ನೂ ಅವರು ಸ್ವಾತಂತ್ರ್ಯ ಚಳವಳಿಗೆ, ಹರಿಜನರ ಸೇವೆಗೆ, ವಿಧವೆಯರ ಮತ್ತು ಬಡ ಹೆಂಗಸರ ಏಳಿಗೆಗೆ ಸುರಿದರು. 1911ರಲ್ಲಿ ಪತ್ನಿಯೊಡನೆ ಮಹಿಳಾ ಸಭೆಯನ್ನು ಕಟ್ಟಿದರು. ಬೇಡಿದವರಿಗೆ ಇಲ್ಲವೆನ್ನದೆ ಕೊಟ್ಟು ಕೊಟ್ಟು ಕೊನೆಗೆ ತಾವೇ ಬರಿಗೈಯವರಾದರು. ಫೈಜಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ, ಜ್ವರ ಹಿಡಿದು, 1937ರ ಜನವರಿಯಲ್ಲಿ ಮುಂಬಯಿಯಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಬೆಂಗಳೂರಿನ ಸಿರಿವಂತರ ಬಡಾವಣೆಯಾದ ಸದಾಶಿವನಗರಕ್ಕೆ ಇರುವುದು ಅವರದೇ ಹೆಸರು ಎಂಬುದನ್ನು ಅಲ್ಲಿ ವಾಸಿಸುವವರಲ್ಲಿ ಎಷ್ಟು ಮಂದಿ ಬಲ್ಲರೋ! ಅವರ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕೇಳಬೇಕಾದ ಪ್ರಶ್ನೆ ಅವರನ್ನಲ್ಲ, ನಮ್ಮನ್ನು. ಅವರ ಮನೆಯ ಬಾಗಿಲಿಗೆ ಕೈಯೊಡ್ಡಿ ಹೋದವರು ಸಾವಿರ ಮಂದಿ. ಸ್ವಾಮಿ, ಇಷ್ಟಕ್ಕೆ ನಿಲ್ಲಿಸಿ, ನಾಳೆಗೂ ಸ್ವಲ್ಪ ಉಳಿಯಲಿ ಎಂದು ಹೇಳುವ ಒಂದು ಸಂಘವಾಗಲಿ ಪೀಠವಾಗಲಿ ಅವರ ಹಿಂದೆ ಇರಲಿಲ್ಲ. ಮೂಡುಬಿದಿರೆಯ ಸೆಟ್ಟಿಯ ಹಿಂದೆ ವ್ರತವಿತ್ತು, ಭಟ್ಟಾರಕರಿದ್ದರು, ಹಲರು ಇದ್ದರು. ಸದಾಶಿವರಾಯರ ಹಿಂದೆ ಅವರ ಹೃದಯವೊಂದೇ ಇತ್ತು.

ಆದುದರಿಂದ ನಾನು ಹೇಳಬೇಕೆಂದಿರುವುದು ಇಷ್ಟು. ಗಳಿಸಿ ಕೊಡುವುದು ಒಬ್ಬನ ಗುಣವೆಂದು ನಾವು ತಿಳಿದಿದ್ದೇವೆ. ಚರಿತ್ರೆಯನ್ನು ನೋಡಿದರೆ ಅದು ಸಮಾಜವು ಕಟ್ಟಿ ನಿಲ್ಲಿಸಿದ ಏರ್ಪಾಡೆಂದು ತಿಳಿಯುತ್ತದೆ. ಇಟ್ಟುಕೊಳ್ಳುವುದಕ್ಕೆ ಮೊದಲೇ ಗೊತ್ತುಮಾಡಿದ ಮಿತಿ, ಕೊಡುವುದಕ್ಕೆ ತಿಳಿದ ದಾರಿ, ಕೊಟ್ಟದ್ದಕ್ಕೆ ಕಲ್ಲಿನ ಮೇಲಿನ ಲೆಕ್ಕ, ಕೇಳುವುದಕ್ಕೂ ತಡೆಯುವುದಕ್ಕೂ ಜೊತೆಗಾರರು ಇವೆಲ್ಲ ಇದ್ದಾಗ ಸಾಮಾನ್ಯನಾದ ವರ್ತಕನೂ ದಾನಿಯಾದನು. ಇವು ಇಲ್ಲದಾಗ ಒಬ್ಬನು ಕೊಟ್ಟು ಬರಿದಾದನು, ಇನ್ನೊಬ್ಬನು ಕೊಡುವೆನೆಂದು ಹೇಳಿ ಪರರ ಹಣಕ್ಕೆ ಕೈಯಿಟ್ಟನು. ಲಕ್ಕಮ್ಮನ ಎಚ್ಚರವೂ ಸೆಟ್ಟಿಯ ಇಚ್ಛಾಪರಿಮಾಣವೂ ಮೇಲುನೋಟಕ್ಕೆ ಎದುರುಬದುರಾಗಿ ಕಂಡರೂ ಒಳಗೆ ಒಂದೇ ಪ್ರಶ್ನೆಯನ್ನು ಕೇಳುತ್ತವೆ: ನಿನಗೆ ಎಷ್ಟು ಸಾಕು? ಈ ಪ್ರಶ್ನೆಗೆ ಉತ್ತರ ಗೊತ್ತಿರುವವನು ಎಷ್ಟು ಗಳಿಸಿದರೂ ಭಯವಿಲ್ಲ. ಮೂಡುಬಿದಿರೆಯ ಕವಿ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶವೈಭವ’ವನ್ನು ಬರೆದಾಗ, ಸಿರಿಯ ನಡುವೆ ಇದ್ದು ಸಿರಿಗೆ ಅಂಟದ ಚಕ್ರವರ್ತಿಯನ್ನು ನಾಯಕನನ್ನಾಗಿ ಆರಿಸಿಕೊಂಡದ್ದು ಅವನ ಊರಿನ ಅಂಗಡಿಬೀದಿಗೆ ತೀರ ಅಪರಿಚಿತವಾದ ಆದರ್ಶವಾಗಿರಲಾರದು.

ಇಂದು ಈ ಮೂರು ಊರುಗಳಿಂದ ಪ್ರತಿವರ್ಷವೂ ನೂರಾರು ತರುಣ ತರುಣಿಯರು ಬೆಂಗಳೂರಿಗೆ, ಮುಂಬಯಿಗೆ, ಕೊಲ್ಲಿಯ ನಾಡುಗಳಿಗೆ, ಅಮೆರಿಕಕ್ಕೆ ಹೋಗುತ್ತಾರೆ. ನಾನು ಪಾಠ ಹೇಳಿದ ಮಕ್ಕಳಲ್ಲಿಯೂ ಅಂಥವರು ಹಲವರಿದ್ದಾರೆ. ಅವರ ಮೊದಲ ತಿಂಗಳ ಸಂಬಳ ನಮ್ಮ ನಿವೃತ್ತಿಯ ಕಾಲದ ಸಂಬಳವನ್ನು ಮೀರುವುದುಂಟು. ಹಣದ ಹಿಂದೆ ಹೋದರೆಂದು ಅವರನ್ನು ಗೊಣಗುವುದು ಹಿರಿಯರಾದ ನಮಗೆ ಸುಲಭ. ಊರಿಗೆ ಬಂದಾಗ ಅವರ ಕೈಯಲ್ಲಿ ರಸೀದಿ ಪುಸ್ತಕವನ್ನಿಟ್ಟು ಸ್ವಾಗತಕಮಾನಿಗೋ ಅಮೃತಶಿಲೆಯ ನೆಲಕ್ಕೋ ಹಣ ಕೇಳುವುದೂ ಸುಲಭ. ನಾವು ಮಾಡಬೇಕಾದುದು ಇವೆರಡೂ ಅಲ್ಲ. ಅವರ ಗಳಿಕೆಯನ್ನು ಗೌರವಿಸಬೇಕು. ಅದು ನ್ಯಾಯವಾಗಿ ಬಂದುದೇ ಎಂದು ಕೇಳುವ ಸಲಿಗೆಯನ್ನು ಉಳಿಸಿಕೊಳ್ಳಬೇಕು. ಆಹಾರ, ಔಷಧ, ಶಾಸ್ತ್ರ, ಅಭಯಗಳಲ್ಲಿ ಇಂದು ನಮ್ಮ ಊರಿಗೆ ಯಾವುದರ ಕೊರತೆಯಿದೆಯೆಂದು ಹುಡುಕಿ ಅವರಿಗೆ ತಿಳಿಸಬೇಕು. ಔಷಧಕ್ಕೆ ಹಣವಿಲ್ಲದ ಮನೆ, ಓದುವವರಿಲ್ಲದೆ ಬೀಗ ಬಿದ್ದ ವಾಚನಾಲಯ, ಪಟ್ಟಣದ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಹೋಗಲಾರದ ಹುಡುಗಿ ಇವನ್ನು ದೂರದಲ್ಲಿರುವವರು ಕಾಣಲಾರರು. ಇಲ್ಲಿರುವ ನಾವು ಕಾಣಬಲ್ಲೆವು. ಕೊಟ್ಟ ಹಣದ ಲೆಕ್ಕವನ್ನು ಕೇಳುವ ಮೊದಲೇ ಒಪ್ಪಿಸಬೇಕು. ಕೊಟ್ಟು ಸೋತವರನ್ನು ಕೈಬಿಡದೆ ನೋಡಿಕೊಳ್ಳಬೇಕು. ಗಳಿಸುವ ಕೆಲಸ ಅವರದು. ಈ ಉಳಿದ ಕೆಲಸವೆಲ್ಲ ಊರಿನದು, ಹಿಂದೆ ಹಲರು ಮಾಡಿದ್ದು. ಹಲರು ಎಂದರೆ ಬೇರೆ ಯಾರೂ ಅಲ್ಲ, ನಾವು ನೀವು ಎಂದೇ ಅದರ ಅರ್ಥ.